ಭಾವನ ಬ್ಯಾಕಪ್ಪು

ನಮ್ಮ ಭಾವನ ಹತ್ತಿರ ಇರುವುದೆಲ್ಲ ಎರಡೆರಡು. ಕನ್ನಡಕ ಎರಡು, ಕೊಡೆ ಎರಡು, ಕೈಗಡಿಯಾರ ಎರಡು, ಹಲ್ಲುಜ್ಜುವ ಬ್ರಶ್ಶೂ ಎರಡು. ಮದುವೆ ಮಾತ್ರ ಒಂದೂ ಆಗಲಿಲ್ಲ! "ಯಾಕೆ ಭಾವ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಎರಡಾಗ್ಲಿಕ್ಕೆ ಕಾನೂನು ಬಿಡುದಿಲ್ಲ ಮಾರಾಯ್ತಿ. ಒಂದೇ ಇಟ್ಕೊಂಡು ಅದಕ್ಕೇನಾದ್ರೂ ಆದ್ರೆ ಎಂತ ಮಾಡುದು?" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಹೋದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಪುತ್ತೂರಿನ ಕಡೆಯವರು. ಇಂಡಸ್ಟ್ರಿಯಲ್ ಏರಿಯಾದ ಒಂದು ಸಾಬೂನು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ನೈರೋಬಿಗೆ ಮೊದಲು ಬಂದವರು ಅವರು, ತಮ್ಮನನ್ನು ಕರೆಸಿಕೊಂಡವರೂ ಅವರೇ. ನಾನು ಮೈಸೂರಿನಿಂದ ಮದುವೆಯಾಗಿ ಕಿಲೆಲೆಶ್ವಾದ ಈ ಫ್ಲ್ಯಾಟಿಗೆ ಬಂದಾಗ ಅಡುಗೆಮನೆಯಲ್ಲಿ ಎರಡು ಕುಕ್ಕರ್, ಎರಡು ಇಡ್ಲಿ ಸ್ಟ್ಯಾಂಡ್, ಎರಡು ತುರಿಮಣೆ ನನ್ನನ್ನು ಎದುರುಗೊಂಡವು. ಗಂಡಸರಿಬ್ಬರೇ ಇದ್ದರೂ ಮನೆಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಖುಷಿಪಟ್ಟೆ. ಎರಡನೆಯ ಸೆಟ್ಟನ್ನು ಮುಟ್ಟುವ ಹಾಗಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅದು ಮೊದಲನೆಯದು ಕೆಟ್ಟರೆ ಇರಲಿ ಎಂದು ಇಟ್ಟದ್ದು. ಸರಿ, ಮೊದಲನೆಯ ಕುಕ್ಕರಿನ ಗ್ಯಾಸ್ಕೆಟ್ ಹೋದ ದಿನ ಎರಡನೆಯದನ್ನು ಅಟ್ಟದಿಂದ ಇಳಿಸಲು ಹೋದೆ. "ಬೇಡ ಬೇಡ! ಅದನ್ನೂ ಬಳಸಿದ್ರೆ ಮತ್ತೆ ಕಷ್ಟಕಾಲಕ್ಕೆ ಎಂತ ಉಳೀತದೆ?" ಎಂದರು. ಅವತ್ತು ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿ ಗಂಜಿ ಬಸಿದೆ.

ಇದನ್ನೆಲ್ಲ ನಾನು ನಗುನಗುತ್ತ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ದಣಿದು ಹೇಳುತ್ತಿದ್ದೇನೆ. ದಿನವಿಡೀ ಒಂದು ಸೇವಾ ಸಂಸ್ಥೆಯ ಕಚೇರಿಯಲ್ಲಿ ದುಡಿದು, ಜಾಮಿನಲ್ಲಿ ಕುಳಿತು ಸೊಂಟ ಬೀಳಿಸಿಕೊಂಡು ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಭಾವ ಬಾಗಿಲಲ್ಲಿ ನಿಂತಿರುತ್ತಾರೆ. "ಒಂದು ಹೊಸ ವಿಷಯ ಉಂಟು" ಎನ್ನುತ್ತಾರೆ. ಈ ಮಾತು ಕೇಳಿದರೆ ಇವತ್ತಿಗೂ ನನಗೆ ಚಪ್ಪಲಿ ಬಿಡದೆ ಹಾಗೇ ವಾಪಸು ಹೋಗೋಣ ಎನಿಸುತ್ತದೆ.

ಹೊಸ ವಿಷಯಗಳ ಪೈಕಿ ಎಲ್ಲಕ್ಕಿಂತ ದೊಡ್ಡದು ಬ್ಯಾಕಪ್ಪು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅಂಥದ್ದು ಇದ್ದದ್ದಾದರೂ ಏನು? ಪಾಸ್‌ಪೋರ್ಟು, ವರ್ಕ್ ಪರ್ಮಿಟ್ಟುಗಳ ಸ್ಕ್ಯಾನು, ಭಾವನ ಪಿ.ಎಫ್. ಕಾಗದ, ಮತ್ತು ನನ್ನ ಮಗಳ ಫೋಟೋ, ಪುಟ್ಟ ಪುಟ್ಟ ವಿಡಿಯೋ. ಆಗಿನ ಕ್ಯಾಮೆರಾದ ಕಾರ್ಡು ಎಷ್ಟು ಚಿಕ್ಕದೆಂದರೆ, ಒಂದು ಹುಟ್ಟುಹಬ್ಬಕ್ಕೆ ತುಂಬಿ ಹೋಗುತ್ತಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಕಾರ್ಡನ್ನು ಖಾಲಿ ಮಾಡುತ್ತಿದ್ದೆವು. ಅವಳ ಮೊದಲ ಹೆಜ್ಜೆ, ಮೊದಲ ತೊದಲು, ಎಲ್ಲ ಇದ್ದದ್ದು ಆ ಒಂದು ಡಬ್ಬಿಯೊಳಗೆ. ಅದಕ್ಕಾಗಿಯೇ ನಾನು ಭಾವನ ಕಾಟವನ್ನು ಬಾಯಿ ಮುಚ್ಚಿ ಸಹಿಸಿದ್ದು.

ಮೊದಲು ಬ್ಯಾಕಪ್ಪೆಲ್ಲ ಸಿ.ಡಿ.ಗಳಲ್ಲಿ ಇರುತ್ತಿತ್ತು. ಒಂದು ಸಿ.ಡಿ., ಅದಕ್ಕೊಂದು ಜೊತೆ. ಆಮೇಲೆ ಒಂದು ದಿನ ಭಾವನಿಗೆ ಆನ್‌ಲೈನ್ ಬ್ಯಾಕಪ್ಪಿನ ಜ್ಞಾನೋದಯವಾಯಿತು. ಕಂಪ್ಯೂಟರಿನಲ್ಲಿರುವುದನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಯಾವುದೋ ದೇಶದ ಕಂಪನಿಯೊಂದರ ಉಗ್ರಾಣಕ್ಕೆ ಕಳಿಸುವುದು. ಕಳಿಸುವ ಮೊದಲು ನಮ್ಮ ಮನೆಯಲ್ಲೇ ಅದಕ್ಕೆ ಬೀಗ ಜಡಿಯುವುದು. ದಾರಿಯಲ್ಲಿ ಯಾರು ಇಣುಕಿದರೂ ಕಾಣುವುದು ಬರೀ ಗಜಿಬಿಜಿ. "ಒಂದು ಇಲ್ಲಿ, ಒಂದು ಅಲ್ಲಿ. ಎರಡಾಯ್ತಲ್ಲ? ಇನ್ನು ಸಿ.ಡಿ. ಯಾಕೆ?" ಎಂದು ಭಾವ ಆ ಸಿ.ಡಿ.ಗಳನ್ನೆಲ್ಲ ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದರು, ಪಾರಿವಾಳ ಓಡಿಸಲಿಕ್ಕೆ. ಪಾರಿವಾಳಗಳು ಬಂದು ಅವುಗಳಲ್ಲಿ ಮುಖ ನೋಡಿಕೊಂಡು ಹೋಗುತ್ತಿದ್ದವು.

ಆಗ ನೈರೋಬಿಯ ಇಂಟರ್‌ನೆಟ್ ಹೇಗಿತ್ತು ಎನ್ನುವುದು ನೆನಪಿದ್ದವರಿಗೆ ಗೊತ್ತು. ಫೋನಿನ ತಂತಿಯಲ್ಲಿ ಕೀರಲು ದನಿ ಮಾಡುತ್ತ, ಏದುಸಿರು ಬಿಡುತ್ತ ಹೋಗಬೇಕು. ಮೊದಲ ಸಲ ಎಲ್ಲವನ್ನೂ ಕಳಿಸಿ ಮುಗಿಸುವ ಹೊತ್ತಿಗೆ ನಮ್ಮ ಮನೆಯ ಫೋನು ವಾರಗಟ್ಟಲೆ ಎಂಗೇಜು. ಮೈಸೂರಿನಿಂದ ನನ್ನ ಅಮ್ಮ ಅಂತೂ ಒಂದು ದಿನ ಸಿಕ್ಕಿ, "ಅಲ್ವೇ, ಯಾವಾಗ ನೋಡಿದ್ರೂ ಫೋನಲ್ಲೇ ಇರ್ತೀಯಲ್ಲ, ಗಂಡನ ಮನೆಯವರು ಏನಂದ್ಕೋಬೇಕು?" ಎಂದು ನನಗೇ ಬುದ್ಧಿ ಹೇಳಿದರು. ಗಂಡನ ಮನೆಯವರೇ ಅಮ್ಮಾ ಅದು, ಎಂದು ಹೇಳಲು ಹೋದೆ. ಅಷ್ಟರಲ್ಲಿ ಲೈನು ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಆ ಕಂಪನಿಯವರು ಸುಮ್ಮನಿರುವ ಜಾತಿಯಲ್ಲ. ಕೆಲವು ತಿಂಗಳಿಗೊಮ್ಮೆ ಹೊಸ ವರ್ಷನ್ ಬರುತ್ತಿತ್ತು. ಅದರಲ್ಲಿ ಹೊಸ ಹೊಸ ಅನುಕೂಲ, ಹೊಸ ಹೊಸ ಭದ್ರತೆ. ಕಂಪ್ಯೂಟರಿಗೆ ಬಂದ ಸುಧಾರಣೆ ಮನೆಗೂ ಬರಬೇಕು ಎಂಬುದು ಭಾವನ ಸಿದ್ಧಾಂತ!

ಒಂದು ವರ್ಷನ್ನಿನಲ್ಲಿ, ಇನ್ನು ಮುಂದೆ ಎಲ್ಲವನ್ನೂ ಮತ್ತೆ ಮತ್ತೆ ಕಳಿಸಬೇಕಿಲ್ಲ, ನಿನ್ನೆಯಿಂದ ಬದಲಾದದ್ದನ್ನು ಮಾತ್ರ ಕಳಿಸಿದರೆ ಸಾಕು ಎಂಬ ಏರ್ಪಾಡು ಬಂತು. ಅವತ್ತು ಸಂಜೆ ನಾನು ಆಫೀಸಿನಲ್ಲಿ ಮೇಲಧಿಕಾರಿ ಹೇಗೆ ಕಿರಿಕಿರಿ ಮಾಡಿದಳು ಎಂದು ಗಂಡನಿಗೆ ಹೇಳಿಕೊಳ್ಳುತ್ತಿದ್ದೆ. ಮಧ್ಯೆ ಭಾವ ಕೈಯೆತ್ತಿದರು. "ಇದು ನಿನ್ನೆ ಹೇಳಿದ್ದೇ ಅಲ್ವಾ? ಬದಲಾದದ್ದು ಎಂತ ಉಂಟು, ಅಷ್ಟು ಹೇಳು ಸಾಕು." ಯೋಚಿಸಿದೆ. ಬದಲಾದದ್ದು ಏನೂ ಇರಲಿಲ್ಲ. ಎದ್ದು ತಟ್ಟೆ ತೊಳೆದೆ.

ನನಗೆ ಹೀಗೆ ಹೇಳಿದ ಈ ಮನುಷ್ಯ ತನ್ನ ಕಥೆಯನ್ನು ಮಾತ್ರ ಪ್ರತಿ ಸಲ ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಆ ಒಂದು ಕಥೆ ಕೇಳದ ಕನ್ನಡಿಗ ನೈರೋಬಿಯಲ್ಲಿ ಇರಲಿಕ್ಕಿಲ್ಲ. ಲಂಗಾಟಾದಲ್ಲಿ ಯಾರದೋ ಮನೆಯಲ್ಲಿ ಹಬ್ಬದೂಟ ಎಂದಿಟ್ಟುಕೊಳ್ಳಿ, ಹೊಸಬರು ಒಬ್ಬರು ಸಿಕ್ಕರೆ ಸಾಕು, ಭಾವ ಶುರು ಮಾಡುತ್ತಾರೆ. ನನ್ನ ಮಗಳಿಗೆ ಆಗ ಮೂರು ವರ್ಷ. ಭಾವ ದಿನಾ ಬೆಳಗ್ಗೆ ಗೇಟಿನ ಪಕ್ಕದ ಸ್ಟೇಜಿನಲ್ಲಿ ಮಟಾಟು ಕಾಯುತ್ತಿದ್ದರು. ಮಟಾಟು ಎಂದರೆ ಇಲ್ಲಿಯ ಮಿನಿಬಸ್ಸು, ಸ್ಟೇಜು ಎಂದರೆ ಅದು ನಿಲ್ಲುವ ಜಾಗ. ಇವಳು ಅವರ ಹೆಗಲ ಮೇಲೆ. ಪುತ್ತೂರಿನವರು ಆಲೂಗಡ್ಡೆಗೆ ಬಟಾಟೆ ಎನ್ನುತ್ತಾರಲ್ಲ, ಮಗುವಿಗೆ ಎರಡೂ ಒಂದೇ ಆಗಿಹೋಗಿ, ಬಸ್ಸು ಬಂದ ಕೂಡಲೇ "ಬಟಾಟೆ ಬಂತು!" ಎಂದು ಕೂಗಿದಳು. ಮೊದಮೊದಲು ಕಥೆ ಇಷ್ಟೇ ಇತ್ತು. ಆಮೇಲಿನ ವರ್ಷನ್ನಿನಲ್ಲಿ ಸ್ಟೇಜಿನ ಜನರೆಲ್ಲ ನಕ್ಕರು. ಅದರ ಮುಂದಿನದರಲ್ಲಿ ಡ್ರೈವರ್ ಇಳಿದು ಬಂದು ಮಗುವಿನ ಕೈಕುಲುಕಿದ. ಇತ್ತೀಚಿನದರಲ್ಲಿ ಕಂಡಕ್ಟರ್ "ಎರಡು ಕಿಲೋ ಕೊಡಲಾ?" ಎಂದು ಕೇಳುತ್ತಾನೆ, ಅದೂ ಕನ್ನಡದಲ್ಲಿ! ಕೇಳಿ ಕೇಳಿ ನನ್ನ ಕಿವಿಗೆ ಜಡ್ಡು ಕಟ್ಟಿದೆ. ಈ ಕಥೆ ಶುರುವಾದರೆ ನಾನು ಪಾಯಸ ಹಾಕಿಸಿಕೊಳ್ಳಲು ಏಳುತ್ತೇನೆ.

ಬೀಗದ ವಿಷಯಕ್ಕೆ ಬರುತ್ತೇನೆ. "ಮನೆಯಿಂದ ಹೊರಡುವ ಮೊದಲೇ ಬೀಗ" ಎಂಬ ತತ್ವ ಭಾವನ ತಲೆ ಹೊಕ್ಕದ್ದೇ ತಡ, ಊಟದ ಡಬ್ಬಿಗೆ ಬೀಗ ಬಿತ್ತು. ನಿಜವಾಗಿ! ಸ್ಟೀಲಿನ ಕ್ಯಾರಿಯರಿನ ಕೊಂಡಿಗೆ ಹಿತ್ತಾಳೆಯ ಪುಟ್ಟ ಬೀಗ. "ಯಾರು ಕದಿಯುತ್ತಾರೆ ಭಾವ, ಆಲೂಗಡ್ಡೆ ಪಲ್ಯ ಇದೆ ಅಷ್ಟೆ" ಎಂದೆ. "ಬಟಾಟೆ ಪಲ್ಯವೇ ಇರ್ಲಿ. ಒಳಗೆ ಎಂತ ಉಂಟು ಅಂತ ದಾರಿಯಲ್ಲಿ ಯಾರಿಗೂ ಗೊತ್ತಾಗ್ಬಾರ್ದು" ಎಂದರು. ನಮ್ಮ ಮನೆಯಲ್ಲಿ ನಾನು ಆಲೂಗಡ್ಡೆ ಎಂದರೆ ಅವರು ಬಟಾಟೆ ಎಂದು ತಿದ್ದುವುದು, ಅವರು ಬಟಾಟೆ ಎಂದರೆ ನಾನು ಆಲೂಗಡ್ಡೆ ಎಂದು ತಿದ್ದುವುದು ಮದುವೆಯಾದಾಗಿನಿಂದ ನಡೆದುಬಂದಿದೆ. ಅದಿರಲಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಬೀಗದ ಕೈ ಜಾಮಿನಲ್ಲಿ ಎಲ್ಲೋ ಬಿದ್ದುಹೋಯಿತು. "ಎರಡನೆಯ ಕೈ ಇತ್ತಲ್ಲ?" ಎಂದು ಸಂಜೆ ಕೇಳಿದೆ. ಭಾವ ಎದ್ದು ಕಿಟಕಿ ಮುಚ್ಚಿದರು. "ಇತ್ತು. ಭದ್ರವಾಗಿರ್ಲಿ ಅಂತ ಡಬ್ಬಿ ಒಳಗೆ ಇಟ್ಟಿದ್ದೆ." ಕಾರ್ಖಾನೆಯ ಫಿಟ್ಟರ್ ಕಬ್ಬಿಣ ಕೊಯ್ಯುವ ಗರಗಸದಿಂದ ಬೀಗ ಕೊಯ್ದನಂತೆ. ಅಷ್ಟೆಲ್ಲ ಆದರೂ ಭಾವ ನನಗೆ ಹೇಳಿದ್ದು, "ಪಲ್ಯಕ್ಕೆ ಉಪ್ಪು ಸ್ವಲ್ಪ ಕಡಿಮೆ ಆಗಿತ್ತು" ಎಂದು.

ಇನ್ನೊಂದು ವರ್ಷನ್ನು. ಸ್ವಲ್ಪ ಹೊತ್ತು ಕೈಯಾಡಿಸದೆ ಬಿಟ್ಟರೆ ಅದು ನಮ್ಮನ್ನೇ ಹೊರಗೆ ಹಾಕಿ, ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಭಾವನಿಗೆ ಇದು ಎಷ್ಟು ಹಿಡಿಸಿತೆಂದರೆ, ಫ್ಲ್ಯಾಟಿನ ಗೇಟಿನಲ್ಲಿ ಕೂರುವ ಅಸ್ಕಾರಿ, ಅಂದರೆ ಕಾವಲುಗಾರ, ಒಟಿಯೆನೊನಿಗೆ ಹೋಗಿ ಪಾಠ ಮಾಡಿದರು. ಬೆಳಗ್ಗೆ ಹೊರಡುವಾಗ ಅವನಿಗೆ ಒಂದು ಗುಪ್ತಪದ ಹೇಳಿಹೋಗುವುದು, ಸಂಜೆ ಬಂದಾಗ ಅವನು ಅದನ್ನು ಕೇಳಬೇಕು, ಸರಿಯಾಗಿ ಹೇಳಿದರೆ ಮಾತ್ರ ಒಳಗೆ ಬಿಡಬೇಕು. ವರ್ಷಗಳಿಂದ ದಿನಾ ಮುಖ ನೋಡುತ್ತಿರುವ ಒಟಿಯೆನೊ ಪಾಪ, "ಸವಾ, ಮ್ಜೇ" ಎಂದು ಒಪ್ಪಿಕೊಂಡ. ಮ್ಜೇ ಎಂದರೆ ಹಿರಿಯರು. ಹಿರಿತನಕ್ಕೆ ಅವನು ಕೊಟ್ಟ ಮರ್ಯಾದೆ ಅದು.

ಒಂದು ಸಂಜೆ ಜೋರು ಮಳೆ. ನಾನು ಆಗಷ್ಟೇ ಬಂದು ಕಾಲು ಚಾಚಿದ್ದೆ. ಕೆಳಗಿನಿಂದ ಒಟಿಯೆನೊನ ಕರೆ: "ಮಾಮಾ, ಮ್ಜೇ ಈಸ್ ಹಿಯರ್. ಬಟ್ ಹಿ ಡಸಂಟ್ ನೋ ದಿ ವರ್ಡ್." ಮಾಮಾ ಎಂದರೆ ಇಲ್ಲಿ ಅಮ್ಮ, ಅಂದರೆ ನಾನು. ಇಳಿದು ಹೋದೆ. ಗೇಟಿನ ಆಚೆ ಭಾವ ಒಂದು ಕೊಡೆ ಬಿಡಿಸಿ, ಇನ್ನೊಂದನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾರೆ. ಗೇಟು ತೆರೆದೇ ಇದೆ! "ಒಳಗೆ ಬನ್ನಿ ಭಾವ." "ಹೇಗೆ ಬರುದು? ವರ್ಡ್ ಹೇಳ್ಬೇಕಲ್ವಾ?" "ಅವನೇ ಬಿಡ್ತೀನಿ ಅಂತಿದ್ದಾನಲ್ಲ." "ಅವ ಬಿಟ್ರೆ ಅದು ಸೆಕ್ಯುರಿಟಿಯಾ?" ನಾನು ಹಣೆ ಒತ್ತಿಕೊಂಡೆ. ಕೊನೆಗೆ ಒಟಿಯೆನೊನಿಗೇ ಕನಿಕರ ಬಂದು, ಮುಖ ಕಿವಿಚಿ ಎರಡೂ ಕಣ್ಣು ಒರೆಸಿಕೊಳ್ಳುವ ಅಭಿನಯ ಮಾಡಿ ತೋರಿಸಿದ. ಭಾವನ ಮುಖ ಅರಳಿತು. "ಕಿಟುಂಗೂ!" ಎಂದು ಕೂಗಿ ಒಳಗೆ ಬಂದರು. ಕಿಟುಂಗೂ ಎಂದರೆ ಈರುಳ್ಳಿ.

ಇವೆಲ್ಲಕ್ಕೂ ಕಳಶವಿಟ್ಟ ಹಾಗೆ ಬಂದ ಸುಧಾರಣೆ ಎಂದರೆ ಸ್ವಂತ ಕೀಲಿ. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಅದು. ಅಲ್ಲಿಯವರೆಗೆ ನಮ್ಮ ಬೀಗದ ಒಂದು ಕೈ ಕಂಪನಿಯವರ ಹತ್ತಿರವೂ ಇರುತ್ತಿತ್ತು. ಮರೆತರೆ ಅವರನ್ನು ಕೇಳಬಹುದಿತ್ತು. ಹೊಸ ವರ್ಷನ್ನಿನಲ್ಲಿ ಕೀಲಿಯ ಮಾತನ್ನು ನಾವೇ ಕಟ್ಟಿಕೊಳ್ಳಬಹುದು, ಅದು ನಮ್ಮ ಹತ್ತಿರ ಮಾತ್ರ ಇರುತ್ತದೆ. ಕಂಪನಿಯ ಯಜಮಾನನೇ ಬಂದು ತಲೆಕೆಳಗಾಗಿ ನಿಂತರೂ ತೆರೆಯಲಾರ. ಭಾವ ಅವತ್ತು ಖುಷಿಗೆ ಎರಡು ಪೊಟ್ಟಣ ಮಂದಾಜಿ, ಇಲ್ಲಿಯ ಸಿಹಿ ಬೋಂಡಾ, ತಂದರು.

"ಮರೆತ್ರೆ?" ಎಂದೆ, ಮಂದಾಜಿ ಮುರಿಯುತ್ತ.

"ಮರೆಯುವಂಥದ್ದನ್ನು ಇಡುವವ ಮೂರ್ಖ" ಎಂದರು ಭಾವ. "ಬೇರೆಯವರಿಗೆ ಹೊಳೆಯಬಾರ್ದು, ನಮಗೆ ಸಾಯುವವರೆಗೆ ಮರೆಯಬಾರ್ದು, ಅಂಥದ್ದು ಹುಡುಕಿ ಅಂತ ಕಂಪನಿಯವರೇ ಬರ್ದಿದ್ದಾರೆ. ನನ್ನ ಹತ್ರ ಉಂಟು ಅಂಥದ್ದು."

"ಎಲ್ಲಾದ್ರೂ ಬರೆದಿಡಿ."

"ಬರೆದಿಟ್ರೆ ಅದು ಕೀಲಿಯಾ ಮಾರಾಯ್ತಿ?"

ಹೀಗೆ, ಎಲ್ಲವನ್ನೂ ಎರಡೆರಡು ಇಟ್ಟುಕೊಳ್ಳುವ ಮನುಷ್ಯ ಜೀವಮಾನದಲ್ಲಿ ಒಂದನ್ನು ಮಾತ್ರ ಒಂದೇ ಇಟ್ಟುಕೊಂಡರು, ತಲೆಯೊಳಗೆ. ಒಮ್ಮೆ ಹೊಡೆದದ್ದನ್ನು ಕಂಪ್ಯೂಟರೇ ನೆನಪಿಟ್ಟುಕೊಂಡಿತು. ಮತ್ತೆ ಅದನ್ನು ಹೊಡೆಯುವ ಪ್ರಸಂಗವೇ ಬರಲಿಲ್ಲ.

ಬಂದದ್ದು ವರ್ಷಗಳ ನಂತರ. ಸಮುದ್ರದ ಕೆಳಗಿನ ಕೇಬಲ್ಲು ಬಂದು ಇಂಟರ್‌ನೆಟ್ಟಿಗೆ ಸ್ವಲ್ಪ ಜೀವ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ ಕರೆಂಟು ಹೋಯಿತು. ಹೋದದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಅದು ಹೋಗುವುದೇ. ಬಂದ ರಭಸ ಮಾತ್ರ ಬೇರೆ ಇತ್ತು. ಟಪ್ ಎಂದಿತು, ಸುಟ್ಟ ವಾಸನೆ ಬಂತು, ಕಂಪ್ಯೂಟರ್ ಶಾಶ್ವತವಾಗಿ ಕಣ್ಣು ಮುಚ್ಚಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಯು.ಪಿ.ಎಸ್. ಇರಲಿಲ್ಲವೇ ಎಂದು ಕೇಳುತ್ತೀರಾ? ಎರಡು ಇದ್ದವು. ಮೊದಲನೆಯದು ಕೆಟ್ಟಿತ್ತು. ಎರಡನೆಯದು ಅಟ್ಟದ ಮೇಲೆ ಪೆಟ್ಟಿಗೆಯಲ್ಲಿ, ಕಷ್ಟಕಾಲಕ್ಕೆ ಕಾಯುತ್ತಿತ್ತು.

"ನನ್ನ ಮಗಳ ವಿಡಿಯೋ" ಎಂದೆ. ಬಾಲ್ಕನಿಯ ಸಿ.ಡಿ.ಗಳು ಬಿಸಿಲಿಗೆ ಸಿಪ್ಪೆ ಎದ್ದು ಎಂದೋ ಕನ್ನಡಿಯಾಗಿದ್ದವು.

ಭಾವ ಮಾತ್ರ ಗೆದ್ದವರ ಹಾಗೆ ನಿಂತಿದ್ದರು. "ಹೆದರ್ಬೇಡ. ಬ್ಯಾಕಪ್ ಉಂಟು."

ಆ ಕ್ಷಣದಲ್ಲಿ, ಇಷ್ಟು ವರ್ಷದ ಕಾಟವನ್ನೆಲ್ಲ ನಾನು ಮಾಫಿ ಮಾಡಿಬಿಟ್ಟೆ. ಗಂಡ ತನ್ನ ಆಫೀಸಿನ ಲ್ಯಾಪ್‌ಟಾಪ್ ತಂದಿಟ್ಟ. ಭಾವ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದರು. ಅದು ಹೆಸರು ಕೇಳಿತು, ಕೊಟ್ಟರು. ಆಮೇಲೆ ಕೀಲಿ ಕೇಳಿತು. ಭಾವ ನಮ್ಮನ್ನೆಲ್ಲ ಹಿಂದೆ ಸರಿಯಲು ಹೇಳಿ, ಬೈರಾಸನ್ನು, ಅಂದರೆ ನಮ್ಮ ಕಡೆಯ ಟವೆಲ್ಲನ್ನು, ತಲೆಯ ಮೇಲಿನಿಂದ ಲ್ಯಾಪ್‌ಟಾಪಿನ ಮೇಲೂ ಹೊದ್ದುಕೊಂಡು, ಶೀತವಾದವರು ಹಬೆ ತೆಗೆದುಕೊಳ್ಳುವ ಹಾಗೆ ಒಳಗೆ ಸೇರಿಕೊಂಡರು. ಟಕ್ ಟಕ್ ಸದ್ದು. ನಿಶ್ಶಬ್ದ. ಮತ್ತೆ ಟಕ್ ಟಕ್. ಬೈರಾಸಿನೊಳಗಿನಿಂದ ದನಿ ಬಂತು: "ಛೆ. ಸ್ಪೆಲ್ಲಿಂಗು."

ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದರು. ಎಲ್ಲಿ ಎಷ್ಟು ಎ ಹಾಕಿದ್ದೆ, ಎಲ್ಲಿ ಎಚ್ ಹಾಕಿದ್ದೆ ಎಂಬುದು ಖಚಿತವಿಲ್ಲ. ಕೆಲವು ಸಲ ತಪ್ಪಿದರೆ ಸ್ವಲ್ಪ ಹೊತ್ತು ಕಾಯಿರಿ ಎಂದು ಅದು ಬಾಗಿಲು ಹಾಕಿಕೊಳ್ಳುತ್ತದೆ. ಅದೂ ಒಂದು ಸುಧಾರಣೆಯೇ. ಅದು ಬಾಗಿಲು ಹಾಕಿದಾಗಲೆಲ್ಲ ನಾನು ಚಹಾ ಮಾಡಿದೆ. ಹಾಲು ಮುಗಿಯಿತು, ಬಾಗಿಲು ತೆರೆಯಲಿಲ್ಲ. ಭಾನುವಾರವೂ ಅದೇ ಕಥೆ. ಕಂಪನಿಗೆ ಬರೆದರು. ಉತ್ತರ ಬಹಳ ವಿನಯದಿಂದ ಬಂತು: ನಿಮ್ಮ ಕೀಲಿ ನಮ್ಮ ಬಳಿ ಇಲ್ಲ, ನಿಮ್ಮ ಮಾಹಿತಿ ಅತ್ಯಂತ ಸುರಕ್ಷಿತವಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ! ಅದನ್ನು ಓದಿ ಭಾವ, ಆ ಸಂಕಟದಲ್ಲೂ, "ನೋಡು, ನಾನೇ ಹೊಡೆದ್ರೂ ಒಳಗೆ ಹೋಗ್ಲಿಕ್ಕೆ ಆಗುದಿಲ್ಲ. ಎಂಥಾ ಸೆಕ್ಯುರಿಟಿ!" ಎಂದರು.

ನನಗೆ ಕೋಪ ಬರಲಿಲ್ಲ. ಕೋಪಕ್ಕೂ ಶಕ್ತಿ ಬೇಕಲ್ಲ! ಅಳು ಬಂತು. ನನ್ನ ಮಗಳು ಆ ಹೊತ್ತಿಗೆ ಕನ್ನಡ ಮಾತಾಡುತ್ತಿರಲಿಲ್ಲ. ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಊಟ ಆಯ್ತಾ ಎಂದರೆ "ಐ'ಮ್ ಡನ್" ಎನ್ನುತ್ತಿದ್ದಳು. ಅವಳು ಬಾಯಿ ತುಂಬ ಕನ್ನಡ ಆಡಿದ್ದು ಆ ಎರಡು ಮೂರು ವರ್ಷ ಮಾತ್ರ. ಆ ಮಾತುಗಳೆಲ್ಲ ಯಾವುದೋ ದೇಶದ ಉಗ್ರಾಣದಲ್ಲಿ ಬೀಗದೊಳಗೆ ಕುಳಿತಿದ್ದವು. ಸುಟ್ಟುಹೋಗಿದ್ದರೆ ಹೋಯಿತು ಎಂದುಕೊಳ್ಳಬಹುದಿತ್ತು. ಇವೆ, ಆದರೆ ಸಿಗುವುದಿಲ್ಲ ಎಂದರೆ ಏನೆಂದುಕೊಳ್ಳುವುದು?

ಭಾವ ಸೋಮವಾರ ಕೆಲಸಕ್ಕೆ ಹೊರಟರು. ಅವರ ಎರಡನೆಯ ಕನ್ನಡಕ ಮೇಜಿನ ಮೇಲೆಯೇ ಇತ್ತು. ಎರಡನೆಯ ಕೊಡೆ ಬಾಗಿಲ ಹಿಂದೆಯೇ ಇತ್ತು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾನು ಆ ಮನುಷ್ಯನನ್ನು ಒಂದೇ ಕೊಡೆಯೊಂದಿಗೆ ನೋಡಿದೆ. ನನ್ನ ದುಃಖ ನನಗಿತ್ತು, ಆದರೂ ಅದಕ್ಕಿಂತ ಇದು ನೋಯಿಸಿತು.

ಸಂಜೆ ಬಂದವರು "ಹೊಸ ವಿಷಯ ಉಂಟು" ಎನ್ನಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಬೈರಾಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. "ಸ್ಪೆಲ್ಲಿಂಗ್ ಅಲ್ಲ ಇದು" ಎಂದು ತಮ್ಮನಿಗೆ ಹೇಳಿದರು. "ಎಲ್ಲಾ ಸ್ಪೆಲ್ಲಿಂಗ್ ಆಯ್ತು. ನನಗೇ ಮರ್ತುಹೋಗಿದೆ. ಇದೊಂದು ಮರೆಯುದಿಲ್ಲ ಅಂತ ಇದ್ದೆ."

"ಇರ್ಲಿ ಅಣ್ಣ, ಬಿಡು" ಎಂದ ನನ್ನ ಗಂಡ.

ಮಗಳು ಹೋಗಿ ಅವರ ಕುರ್ಚಿಯ ಕೈಮೇಲೆ ಕುಳಿತಳು. "ದೊಡ್ಡಪ್ಪ, ಜಸ್ಟ್ ಟೆಲ್ ಮಿ. ಐ ವೋಂಟ್ ಟೆಲ್ ಎನಿಒನ್."

ಆಚೀಚೆ ನೋಡಿ, ಭಾವ ಅವಳ ಕಿವಿಯಲ್ಲಿ ಏನೋ ಹೇಳಿದರು.

"ದಟ್ ಸ್ಟೋರಿ?" ಮಗಳು ಕಿರುಚಿಯೇಬಿಟ್ಟಳು. "ಬಟಾಟೆ ಬಂತು? ದೊಡ್ಡಪ್ಪಾ! ದಿ ಹೋಲ್ ಆಫ್ ನೈರೋಬಿ ನೋಸ್ ದಟ್ ಸ್ಟೋರಿ!"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ! ಕಂಪನಿಯ ಯಜಮಾನನಿಗೂ ತಿಳಿಯಬಾರದ ಆ ಪರಮ ಗುಟ್ಟನ್ನು, ಲಂಗಾಟಾದ ಪ್ರತಿ ಹಬ್ಬದೂಟದಲ್ಲಿ, ಪಾಯಸಕ್ಕೆ ಮುಂಚೆ, ಇವರೇ ಡಂಗುರ ಹೊಡೆದಿದ್ದರು. ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ. ಗುಟ್ಟು ರಟ್ಟಾದ ಮೇಲೆ ಇನ್ನೇನು, ಅವರವರ ಸ್ಪೆಲ್ಲಿಂಗು ಅವರವರು ಹೇಳತೊಡಗಿದರು. ಗಂಡ ಎರಡು ಎ ಎಂದ, ಮಗಳು ಎರಡು ಟಿ ಎಂದಳು, ನಾನು ಮೈಸೂರಿನ ಪದ್ಧತಿಯಂತೆ ಬಂತುವಿನ ಟಿ ಹಿಂದೆ ಒಂದು ಎಚ್ ಸಿಕ್ಕಿಸಿದೆ. ಯಾವುದಕ್ಕೂ ತೆರೆಯಲಿಲ್ಲ.

ನಾನು ಚಪಾತಿ ಲಟ್ಟಿಸಲು ಹೋದೆ. ಕೈ ಲಟ್ಟಿಸುತ್ತಿತ್ತು, ಬಾಯಿ ಸುಮ್ಮನೆ ಆ ಮಾತನ್ನು ಗುಣುಗುಣಿಸುತ್ತಿತ್ತು. ಬಟಾಟೆ ಬಂತು, ಬಟಾಟೆ ಬಂತು. ಏನೋ ಸರಿಯಿಲ್ಲ ಅನ್ನಿಸಿತು. ಅವಳು ಹಾಗೆ ಅಂದಿದ್ದರೆ ಆಗ ನಾನು ಸುಮ್ಮನೆ ಬಿಡುತ್ತಿದ್ದೆನೇ? ಆಲೂಗಡ್ಡೆ ಅನ್ನು ಪುಟ್ಟಿ ಎಂದು ಅಲ್ಲೇ ತಿದ್ದುತ್ತಿರಲಿಲ್ಲವೇ? ತಿದ್ದಿರಲಿಲ್ಲ. ಯಾಕೆ ತಿದ್ದಿರಲಿಲ್ಲ ಎಂದರೆ, ಅದು ನಿಮ್ಮ ಬಟಾಟೆಯೂ ಅಲ್ಲ ನನ್ನ ಆಲೂಗಡ್ಡೆಯೂ ಅಲ್ಲ, ಇಬ್ಬರಿಗೂ ಸರಿಹೋಯ್ತು ಬಿಡಿ ಎಂದು ಅವತ್ತು ಭಾವನ ಹತ್ತಿರ ನಕ್ಕಿದ್ದೆ!

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. "ಅವಳು ಬಟಾಟೆ ಅಂದೇ ಇಲ್ಲ ಭಾವ. ಬಟಾಟು ಅಂದಿದ್ದು. ಅರ್ಧ ಬಟಾಟೆ, ಅರ್ಧ ಮಟಾಟು. ಬಟಾಟು."

ಭಾವ ನನ್ನನ್ನೇ ನೋಡಿದರು. ಹೊಸಬರಿಗೆ ಕಥೆ ಹೇಳುವಾಗ ಬಟಾಟು ಎಂದರೆ ಅರ್ಥವಾಗುತ್ತಿರಲಿಲ್ಲ, ನಗು ಬರುತ್ತಿರಲಿಲ್ಲ. ಹಾಗಾಗಿ ಹೇಳುತ್ತ ಹೇಳುತ್ತ ಅವರೇ ಅದನ್ನು ಬಟಾಟೆ ಮಾಡಿದ್ದರು. ಕಥೆ ಸುಧಾರಿಸಿ ಸುಧಾರಿಸಿ ಮೊದಲಿನದು ಕಳೆದುಹೋಗಿತ್ತು.

ಗುಟ್ಟೇನೂ ಉಳಿದಿರಲಿಲ್ಲ, ಆದರೂ ಭಾವ ಬೈರಾಸು ಹೊದ್ದುಕೊಂಡರು. ನಾನು ಹಿಂದೆಯೇ ನಿಂತಿದ್ದೆ. ಬೈರಾಸು ಒಂದು ಕಡೆ ಜಾರಿತ್ತು. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಹೊಡೆಯುತ್ತಿದ್ದರು. ಬಟಾಟು ಆಯಿತು. ಬಂತು ಆಯಿತು. ಬೆರಳು ನಿಲ್ಲಲಿಲ್ಲ. ಇನ್ನೂ ಏನೋ ಹೊಡೆಯುತ್ತಲೇ ಇತ್ತು.

"ಇನ್ನೇನಿದೆ ಭಾವ?"

"ಅದು ಬೇರೆ" ಎಂದರು, ತಿರುಗದೆ.

ಬಾಗಿಲು ತೆರೆಯಿತು.

ಒಂದೊಂದೇ ಫೈಲು ನಿಧಾನಕ್ಕೆ ಇಳಿಯತೊಡಗಿತು. ಮಗಳು ಯಾವುದನ್ನೋ ಒತ್ತಿದಳು. ನಾನೇ ತೆಗೆದ ವಿಡಿಯೋ. ಗೇಟಿನ ಹತ್ತಿರ ಬೆಳಗಿನ ಬಿಸಿಲು, ತಲೆಯಲ್ಲಿ ಇನ್ನೂ ಕಪ್ಪು ಕೂದಲಿರುವ ಭಾವ, ಅವರ ಹೆಗಲ ಮೇಲೆ ಕೆಂಪು ಸ್ವೆಟರಿನ ಮೂರು ವರ್ಷದ ನನ್ನ ಮಗಳು. ಹಾರನ್ ಕೇಳಿಸಿತು. "ಬಟಾಟು ಬಂತು!" ನಾವೆಲ್ಲ ನಕ್ಕೆವು. ಕಥೆ ಮುಗಿಯುವುದು ಅಲ್ಲಿಗೇ. ವಿಡಿಯೋ ಮುಗಿಯಲಿಲ್ಲ. ಭಾವ ಅವಳನ್ನು ಕೆಳಗಿಳಿಸುತ್ತಾರೆ. ಅವಳು ಅವರ ಶರ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. "ದೊಡ್ಡಪ್ಪ, ಹೋಗ್ಬೇಡ. ಹೋಗ್ಬೇಡ ದೊಡ್ಡಪ್ಪ." ನನ್ನ ದನಿ ಕೇಳುತ್ತದೆ: "ಬಾ ಪುಟ್ಟಿ, ದೊಡ್ಡಪ್ಪಂಗೆ ಲೇಟಾಗತ್ತೆ." ಭಾವ ಒಂದೊಂದೇ ಬೆರಳು ಬಿಡಿಸಿಕೊಂಡು ಓಡಿ ಹತ್ತುತ್ತಾರೆ. ಅಲ್ಲಿಗೆ ನಿಲ್ಲುತ್ತದೆ.

ಇದು ನನಗೆ ಪೂರ್ತಿ ಮರೆತೇಹೋಗಿತ್ತು. ಬೆರಳು ಹೊಡೆಯುತ್ತಲೇ ಇದ್ದ ಆ ಉಳಿದ ಅಕ್ಷರಗಳು ಯಾವುವು ಎಂದು ನಾನು ಕೇಳಲಿಲ್ಲ. ಯಾವ ಹಬ್ಬದೂಟದಲ್ಲೂ ಹೇಳದೆ, ಯಾವ ವರ್ಷನ್ನಿನಲ್ಲೂ ಸೇರಿಸದೆ ಅದೊಂದನ್ನು ಭಾವ ತಮಗೇ ಇಟ್ಟುಕೊಂಡಿದ್ದರು. ಬಟಾಟು ಮರೆತಿತ್ತು. ಅದು ಮರೆತಿರಲಿಲ್ಲ.

ಭಾವ ಬೈರಾಸನ್ನು ಮಡಚಿದರು. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದರು. "ಇನ್ನು ಕೀಲಿ ಬದಲಿಸ್ಬೇಕು. ಎಲ್ಲರಿಗೂ ಗೊತ್ತಾಯ್ತು" ಎಂದರು. ಬದಲಿಸಿದರೋ ಇಲ್ಲವೋ ನನಗೆ ತಿಳಿಯದು.

ಮರುದಿನ ಬೆಳಗ್ಗೆ ಭಾವ ಊಟದ ಡಬ್ಬಿಯನ್ನು ಮೇಜಿನ ಮೇಲೆಯೇ ಮರೆತು ಇಳಿದಿದ್ದರು. ಕೊಡಲು ನಾನು ಹಿಂದೆಯೇ ಓಡಿದೆ. ಅವರು ಸ್ಟೇಜಿನಲ್ಲಿ ನಿಂತಿದ್ದರು, ಎರಡೂ ಕೊಡೆ ಹಿಡಿದುಕೊಂಡು. ಪಕ್ಕದಲ್ಲಿ ಶಾಲೆಯ ವ್ಯಾನಿಗೆ ಕಾಯುತ್ತ ಮಗಳು, ಅವರ ಭುಜದವರೆಗೆ ಬೆಳೆದವಳು. ತಿರುವಿನಲ್ಲಿ ಮಟಾಟು ಕಾಣಿಸಿತು. ಅವಳು ಅತ್ತ ನೋಡುತ್ತ, ಮೆಲ್ಲಗೆ, ಸ್ವಲ್ಪ ನಾಚಿಕೊಂಡು ಹೇಳಿದಳು, "ಬಟಾಟು ಬಂತು, ದೊಡ್ಡಪ್ಪ."

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿಗೆ ಬಡಿದು ಕರೆದ. ಭಾವ ಕೈಯಲ್ಲಿದ್ದ ಕೊಡೆಯನ್ನು ಆಡಿಸಿ, ನೀನು ಹೋಗು ಎಂದರು. ಅದು ಹೋಯಿತು. ನನ್ನ ಕೈಯಲ್ಲಿ ಡಬ್ಬಿ ಬಿಸಿಯಾಗಿತ್ತು. ನಾನು ಅಲ್ಲೇ ಗೇಟಿನ ಒಳಗೆ, ಒಟಿಯೆನೊನ ಪಕ್ಕದಲ್ಲಿ ನಿಂತುಕೊಂಡೆ. ಎರಡನೆಯ ಮಟಾಟು ಬರುವವರೆಗೆ ಅವರಿಬ್ಬರೂ ಏನೋ ಮಾತಾಡುತ್ತಿದ್ದರು, ಕನ್ನಡದಲ್ಲಿ.